ವನಜಳ ಗಂಟಲಲ್ಲಿ ಮಾಸ್ಟ್ರು

ಗಂಗೊಳ್ಳಿಯ ವನಜಳ ಬಗ್ಗೆ ಬರೆಯುವವರು ಅವಳ ಮುಖದಿಂದ ಶುರುಮಾಡಬಾರದು. ಮುಖ ಸಾಮಾನ್ಯದ್ದು. ಹೆಗಲಲ್ಲಿ ಚೀಲ, ಚೀಲದಲ್ಲಿ ಕೊಡೆ, ಸೆರಗಿಗೊಂದು ಪಿನ್ನು. ಕುಂದಾಪುರದ ಬಸ್ ನಿಲ್ದಾಣದಲ್ಲಿ ಸಂಜೆ ನಿಂತರೆ ಅಂಥ ಟೀಚರಮ್ಮಂದಿರು ಎಷ್ಟು ಬೇಕಾದರೂ ಸಿಗುತ್ತಾರೆ. ಶುರುಮಾಡಬೇಕಾದದ್ದು ಅವಳ ಕಿವಿಯಿಂದ. ಅಂಥ ಕಿವಿ ಇನ್ನೊಬ್ಬರಿಗಿದ್ದದ್ದನ್ನು ನಾನು ಕಂಡಿಲ್ಲ. ಕಾಣುವ ಆಸೆಯೂ ಈಗ ಉಳಿದಿಲ್ಲ.

ನಾನು ಯೋಗೀಶ, ಶಿರೂರಿನವನು. ಬೈಂದೂರಿನ ಕಾಲೇಜೊಂದರಲ್ಲಿ ವಾಣಿಜ್ಯ ಪಾಠ ಮಾಡುತ್ತಿದ್ದೆ. ಸೋಮವಾರ ಕೋಳಿ ಕೂಗಿದ ಹಾಗೆ ಶುರುವಾದ ನನ್ನ ಸ್ವರ ಬುಧವಾರಕ್ಕೆ ಕಟ್ಟಿ, ಶುಕ್ರವಾರ ಬರೀ ಗಾಳಿಯಾಗಿ ಹೊರಡುತ್ತಿತ್ತು. ಶನಿವಾರ ಮನೆಯಲ್ಲಿ ನಾನು ಮಾತಾಡದೆ ಇರುವುದೇ ನನ್ನ ಹೆಂಡತಿಗೆ ಸುಖ. ಆದರೆ ಹೊಟ್ಟೆಪಾಡು ಕೇಳಬೇಕಲ್ಲ? ಯಾರೋ ಬ್ರಹ್ಮಾವರದ ಪ್ರೇಮಾನಂದ ಮಾಸ್ಟ್ರ ಹೆಸರು ಹೇಳಿದರು, ಹೋದೆ. ಅದು ತೊಂಬತ್ತೇಳನೆಯ ಇಸವಿಯ ಮಳೆಗಾಲ. ಅದೇ ಮಳೆಗಾಲದಲ್ಲಿ ವನಜಳೂ ಬಂದಳು.

ಮಾಸ್ಟ್ರು ಹೈಸ್ಕೂಲಿನಲ್ಲಿ ಕನ್ನಡ ಪಂಡಿತರಾಗಿದ್ದವರು, ತಾಳಮದ್ದಳೆಯಲ್ಲಿ ಅರ್ಥ ಹೇಳುತ್ತಿದ್ದವರು. ನಿವೃತ್ತಿಯ ಮೇಲೆ ಸ್ವರ ಕೆಟ್ಟವರಿಗೆ ಸ್ವರ ಕೂರಿಸಿಕೊಡುವುದೇ ಅವರ ಕೆಲಸವಾಯಿತು. ಟೀಚರುಗಳು, ಮೈಕಿನಲ್ಲಿ ಕೂಗುವವರು, ಭಜನೆಯವರು, ಎಲ್ಲರೂ ಬರುತ್ತಿದ್ದರು. ಅವರಲ್ಲಿ ಕಲಿತು, ಬೇರೆಯವರಿಗೆ ಕಲಿಸುವ ಮಟ್ಟಕ್ಕೆ ಬಂದ ಕೆಲವರನ್ನು ಸೇರಿಸಿ ಅವರೊಂದು ಕೂಟ ಕಟ್ಟಿದರು. ಸ್ವರಕೂಟ ಎಂದು ಹೆಸರು. ತಿಂಗಳಿಗೊಂದು ಆದಿತ್ಯವಾರ ಬಸ್ರೂರಿನಲ್ಲಿ, ಹೊಳೆ ಕಡೆಗೆ ಕಿಟಕಿಯಿರುವ ಹಳೇ ಅಂಗಡಿಯೊಂದರ ಮಹಡಿಯಲ್ಲಿ ಸೇರುತ್ತಿದ್ದೆವು. ಕೊನೆಗೆ ಬಿಡದೆ ಉಳಿದವರು ಮಾಸ್ಟ್ರು, ಅವರ ಹೆಂಡತಿ ಸಂಗೀತದ ಟೀಚರು ಸ್ವರ್ಣಲತಾ, ಕುಂದಾಪುರದಲ್ಲಿ ಕಿವಿ ಕೇಳದ ಮಕ್ಕಳಿಗೆ ಮಾತು ಕಲಿಸುವ ಸ್ನೇಹಲತಾ, ವನಜ ಮತ್ತು ನಾನು. ಕಲಿಸುವವನು ತಿಂಗಳಿಗೊಮ್ಮೆಯಾದರೂ ಕಲಿಯುವವನಾಗಿ ಕೂರದಿದ್ದರೆ ಅವನ ಗಂಟಲಿಗೆ ಪಾಚಿ ಹಿಡಿಯುತ್ತದೆ ಎಂದು ಮಾಸ್ಟ್ರು ಹೇಳುತ್ತಿದ್ದರು. ಆದ್ದರಿಂದ ಅಲ್ಲಿ ಒಬ್ಬರು ಇನ್ನೊಬ್ಬರ ಎದುರು ವಿದ್ಯಾರ್ಥಿಯಾಗಿ ಕೂತು ಬೈಸಿಕೊಳ್ಳಲೇಬೇಕಿತ್ತು. ನಾನು ಬಹಳ ಬೈಸಿಕೊಂಡೆ.

ಕೂಟ ಶುರುವಾಗುವುದು ಹಾಜರಿಯಿಂದ. ಎಲ್ಲರೂ ಕಣ್ಣು ಮುಚ್ಚಬೇಕು. ಒಬ್ಬೊಬ್ಬರಾಗಿ ಒಂದೇ ಮಾತು ಹೇಳಬೇಕು: "ಹೊಳಿ ದಾಂಟಿ ಬಂದೆ." ಮಾತು ಎಲ್ಲರದ್ದೂ ಒಂದೇ ಆದಾಗ ಉಳಿಯುವುದು ಸ್ವರ ಮಾತ್ರ. ಯಾರಿಗೆ ನೆಗಡಿ, ಯಾರು ಮನೆಯಲ್ಲಿ ಜಗಳ ಮಾಡಿ ಬಂದಿದ್ದಾರೆ, ಯಾರು ವಾರವಿಡೀ ಕಿರುಚಿದ್ದಾರೆ ಎಲ್ಲವೂ ಆ ಮಾತಿನಲ್ಲಿ ಗೊತ್ತಾಗಬೇಕು. ನಾನು ಶಿರೂರಿನಿಂದ, ಮಾಸ್ಟ್ರು ಬ್ರಹ್ಮಾವರದಿಂದ ಸೇತುವೆ ದಾಟಿ ಬರುತ್ತಿದ್ದೆವು. ವನಜ ದೋಣಿಯಲ್ಲಿ ಬರುತ್ತಿದ್ದಳು. ಕುಂದಾಪುರದ ಸ್ನೇಹಲತಾಗೆ ದಾಟಲು ಹೊಳೆಯೇ ಇರಲಿಲ್ಲ. "ನೀವ್ ಚರಂಡಿ ದಾಂಟಿ ಬಂದೆ ಅಂದ್ರೂ ಸಾಕ್" ಎಂದು ನಾನು ಗೇಲಿ ಮಾಡುತ್ತಿದ್ದೆ.

ಯಾರಾದರೂ ಬರದಿದ್ದರೆ ಅವರ ಸ್ವರ ಚೆನ್ನಾಗಿ ಗೊತ್ತಿದ್ದವರು ಅವರ ಹಾಗೆಯೇ ಆ ಮಾತು ಹೇಳಬೇಕೆನ್ನುವುದು ಕೂಟದ ಇನ್ನೊಂದು ಕ್ರಮ. ಇನ್ನೊಬ್ಬರ ಸ್ವರ ಎಲ್ಲಿಂದ ಹೊರಡುತ್ತದೆಂದು ತಿಳಿಯಲು ಅದೊಂದು ಅಭ್ಯಾಸ. ಈ ಕೆಲಸ ತಾನಾಗಿಯೇ ವನಜಳ ಪಾಲಿಗೆ ಬಂತು. ಅವಳು ಕೇಳಿದ್ದು ಅವಳ ಬಾಯಲ್ಲಿ ಹಾಗೆಯೇ ಬರುತ್ತಿತ್ತು. ದೋಣಿಯವನ ಸ್ವರ, ಕಂಡಕ್ಟರನ ಸ್ವರ, ನನ್ನ ಒಡಕು ಸ್ವರ. ನಾವು ಕಣ್ಣು ಮುಚ್ಚಿಕೊಂಡು ಹೊಟ್ಟೆ ಹಿಡಿದು ನಗುತ್ತಿದ್ದೆವು. ಹಾಗಾದರೆ ಅವಳದೇ ಸ್ವರ ಯಾವುದು ಎಂದು ನಮ್ಮಲ್ಲಿ ಒಬ್ಬರಿಗೂ ಕೇಳಬೇಕು ಅನ್ನಿಸಲಿಲ್ಲ.

ಅವಳು ಮೀನುಗಾರರ ಮನೆಯ ಹೆಣ್ಣು. ಅಪ್ಪ ಬೇಗ ಹೋದರು. ಅಬ್ಬಿ, ಅಂದರೆ ತಾಯಿ, ಮುತ್ತು ತಲೆಯ ಮೇಲೆ ಬುಟ್ಟಿ ಹೊತ್ತು ಮನೆಮನೆಗೆ ಮೀನು ಮಾರಿ ಇವಳನ್ನು ಟೀಚರು ಮಾಡಿಸಿದವಳು. ಮುತ್ತಕ್ಕ ಹಿತ್ತಲ ಬಾಗಿಲಲ್ಲಿ ನಿಂತು "ವನ್ಜಾ" ಎಂದು ಕರೆದರೆ ಹೊಳೆಯ ಆಚೆ ದಡದಲ್ಲಿ ಬಲೆ ಹೆಣೆಯುವವರೂ ತಲೆ ಎತ್ತುತ್ತಿದ್ದರಂತೆ. ಅಬ್ಬಿಯ ಕರೆಗೆ ಮಗಳೂ ಅಷ್ಟೇ ಗಟ್ಟಿಯಾಗಿ "ಬಂದೇ" ಎನ್ನುತ್ತಿದ್ದಳಂತೆ. ಆ ಗಂಟಲನ್ನು ಶಾಲೆ ತಿಂದುಹಾಕಿತು. ಅವಳ ತರಗತಿಯ ಗೋಡೆಗೆ ತಾಗಿಕೊಂಡೇ ಮಂಜುಗಡ್ಡೆ ಕಾರ್ಖಾನೆ ಇತ್ತು, ಹಗಲಿಡೀ ಒಂದೇ ಸಮನೆ ಗುಂಯ್‌ಗುಡುತ್ತಿತ್ತು. ಅದರ ಮೇಲೆ ಕೂಗಿ ಕೂಗಿ ಕೆಲಸಕ್ಕೆ ಸೇರಿದ ಮೂರನೆಯ ವರ್ಷಕ್ಕೆ ಅವಳ ಸ್ವರ ಪೂರ್ತಿ ಹೋಯಿತು. ಮಾಸ್ಟ್ರ ಹತ್ತಿರ ಬಂದಾಗ ಅವಳಲ್ಲಿ ಉಳಿದದ್ದು ಪಿಸುಮಾತು ಮಾತ್ರ. ಆ ಖಾಲಿ ಜಾಗದಲ್ಲಿ ಮಾಸ್ಟ್ರು ಹೊಸ ಸ್ವರ ಕಟ್ಟಿದರು. ಅವರಲ್ಲಿದ್ದ ಸ್ವರವೊಂದೇ, ಅವರದ್ದು. ಅದನ್ನೇ ಹೆಣ್ಣಿನ ಗಂಟಲಿಗೆ ಒಪ್ಪುವಷ್ಟು ತೆಳುವಾಗಿಸಿ ಕೊಟ್ಟರು.

ಸುನಾಮಿ ಬಂದ ವರ್ಷ ಮಾಸ್ಟ್ರ ಸ್ವರಕ್ಕೊಂದು ಹೊಸ ಗುಣ ಸೇರಿಕೊಂಡಿತು. ಮಾತು ಹೊರಡುವ ಮೊದಲು ಒಣ ಮರಳಿನ ಮೇಲೆ ಕಾಲಿಟ್ಟ ಹಾಗೊಂದು ಸಣ್ಣ ಕರಕರ. ಆಮೇಲೆ ತುಂಬಿದ ಸ್ವರ. ನಮಗೆಲ್ಲ ಅದು ಬಹಳ ಹಿಡಿಸಿತು. ಸ್ವರಕ್ಕೆ ಈಗ ತೂಕ ಬಂತು ಎಂದು ನಾನೇ ಹೇಳಿದೆ. ಕೂಟದಲ್ಲಿ ಎರಡು ಆದಿತ್ಯವಾರ ಕೂತು ಆ ಕರಕರವನ್ನು ಅಭ್ಯಾಸ ಮಾಡಿದೆವು, ನಮ್ಮ ನಮ್ಮ ವಿದ್ಯಾರ್ಥಿಗಳಿಗೂ ಹೇಳಿಕೊಟ್ಟೆವು. ಇನ್ನೊಬ್ಬರ ನೆಗಡಿಯನ್ನು ಗೋಡೆಯಾಚೆಯಿಂದ ಕಂಡುಹಿಡಿಯುವ ಮಹಾ ಪಂಡಿತರು ನಾವು! ಈಗಲೂ ನೆನೆದರೆ ಮೈ ಉರಿಯುತ್ತದೆ.

ಸ್ನೇಹಲತಾ ಕಿವಿ ಕೇಳದ ಮಕ್ಕಳ ಕೈಯನ್ನು ತನ್ನ ಗಂಟಲ ಮೇಲಿಟ್ಟು, ಅದರ ನಡುಕದಿಂದಲೇ ಮಾತು ಕಲಿಸುವವಳು. ಅದನ್ನು ನಮಗೆ ತೋರಿಸಲೆಂದು ಒಂದು ದಿನ ಮಾಸ್ಟ್ರ ಗಂಟಲ ಮೇಲೆ ಕೈಯಿಟ್ಟಳು. ಇಟ್ಟವಳು ಕೈಯನ್ನು ಹಿಂದಕ್ಕೆ ಎಳೆದುಕೊಂಡಳು.

"ಮಾಸ್ಟ್ರೇ, ಇಲ್ಲ್ ಒಳ್ಗ್ ಎಂತದೋ ಇತ್ತ್. ನಾಳೆಯೇ ಡಾಕ್ಟ್ರಿಗೆ ತೋರ್ಸಿ" ಎಂದಳು.

ಆ ಕರಕರ ಕ್ಯಾನ್ಸರಿನದ್ದು. ಧ್ವನಿಪೆಟ್ಟಿಗೆಯನ್ನೇ ತೆಗೆಯಬೇಕು, ಆಮೇಲೆ ಸ್ವರ ಇಲ್ಲ ಎಂದರು ಡಾಕ್ಟರು. ಶಸ್ತ್ರಕ್ರಿಯೆಗೆ ಸ್ವಲ್ಪ ದಿನವಿತ್ತು. ಆ ದಿನಗಳಲ್ಲಿ ಮಾಸ್ಟ್ರು ಮಾಡಿದ ಕೆಲಸವನ್ನು ಬೇರೆ ಯಾವ ಕಸುಬಿನವರೂ ಮಾಡಲಾರರು. ವನಜಳನ್ನು ಬ್ರಹ್ಮಾವರದ ಮನೆಗೆ ಕರೆಸಿ ಎದುರಿಗೆ ಕೂರಿಸಿಕೊಂಡರು.

"ನನ್ ಸ್ವರ ನಿನ್ ಹತ್ರ ಇರ್ಲಿ ಮಗಾ. ಕೂಟದ್ ದಿನ ಒಂದ್ಸಲ ಹೊರ್ಗ್ ತೆಗಿ, ಮತ್ತೆ ಒಳ್ಗ್ ಇಡ್" ಎಂದರಂತೆ. ಆ ಕರಕರವನ್ನು ಏನು ಮಾಡಲಿ, ಬಿಡಲೇ ಎಂದು ಅವಳು ಕೇಳಿದ್ದಕ್ಕೆ, "ಅದನ್ನೂ ತಕೊ. ಅದೂ ನಂದೇ ಅಲ್ದಾ?" ಎಂದರಂತೆ.

ಶಸ್ತ್ರಕ್ರಿಯೆಯಾದ ಮೇಲೆ ಮಾಸ್ಟ್ರು ಮೊದಲ ಬಾರಿ ಕೂಟಕ್ಕೆ ಬಂದ ದಿನ ನನಗೆ ಚೆನ್ನಾಗಿ ನೆನಪಿದೆ. ಕುತ್ತಿಗೆಗೆ ಬಿಳಿ ಬಟ್ಟೆ ಸುತ್ತಿಕೊಂಡು ತಮ್ಮ ಮಡಚುವ ಕುರ್ಚಿಯಲ್ಲಿ ಕೂತರು. ವನಜ ಅವರ ಹಿಂದೆ ನೆಲದ ಮೇಲೆ. ನಾವು ಕಣ್ಣು ಮುಚ್ಚಿದೆವು. ಸ್ನೇಹಲತಾ, ನಾನು, ಸ್ವರ್ಣಕ್ಕ, ವನಜ ಒಬ್ಬೊಬ್ಬರಾಗಿ ಹೇಳಿದೆವು. ಆಮೇಲೆ ಆ ಕರಕರ ಕೇಳಿಸಿತು. ಅದರ ಬೆನ್ನಿಗೆ ಮಾಸ್ಟ್ರು ಮಾಸ್ಟ್ರಾಗಿಯೇ ಹೇಳಿದರು: "ಹೊಳಿ ದಾಂಟಿ ಬಂದೆ." ಕಣ್ಣು ಬಿಟ್ಟೆ. ಅವರ ತುಟಿಗಳು ಅಲುಗುತ್ತಿದ್ದವು. ಸ್ವರ ಹಿಂದಿನಿಂದ ಬರುತ್ತಿತ್ತು. ಸ್ವರ್ಣಕ್ಕನ ಕಣ್ಣಲ್ಲಿ ನೀರು. ಮಾಸ್ಟ್ರು ಚಿಕ್ಕ ಮಗುವಿನ ಹಾಗೆ ನಕ್ಕರು. ನನಗೂ ಸಂತೋಷವಾಯಿತು, ಆದರೆ ವನಜಳ ಕಡೆ ನೋಡಲಾಗಲಿಲ್ಲ.

ಹಾಗೆ ಎರಡು ವರ್ಷ ನಡೆಯಿತು. ಬರಬರುತ್ತಾ ಹಾಜರಿಯಷ್ಟೇ ಅಲ್ಲ, ಮಾಸ್ಟ್ರ ಪಾಠವೂ ವನಜಳ ಬಾಯಿಂದಲೇ ಬರತೊಡಗಿತು. ಅವರು ತುಟಿ ಆಡಿಸುವುದು, ಪಕ್ಕಕ್ಕೆ ಸರಿದು ಕೂತ ಅವಳು ಅದಕ್ಕೆ ಸ್ವರ ಕೊಡುವುದು. ಒಂದು ದಿನ ನಾನು ಏನೋ ತಪ್ಪಾಗಿ ಉಸಿರೆಳೆದೆ. "ಹೊಟ್ಟಿ ಬಿಡ್, ಯೋಗೀಶಾ" ಎಂದು ಮಾಸ್ಟ್ರ ಸ್ವರ ಗದರಿತು. ಮಾಸ್ಟ್ರ ತುಟಿ ಇನ್ನೂ ಅಲುಗಿರಲಿಲ್ಲ. ಅವರು ಮೆಲ್ಲಗೆ ತಿರುಗಿ ವನಜಳನ್ನು ನೋಡಿದರು. ಅವಳಿಗೆ ಏನೂ ಗೊತ್ತಾಗಿರಲಿಲ್ಲ, ಪಾಪ, ಸುಮ್ಮನೆ ಕೂತಿದ್ದಳು. ಮಾಸ್ಟ್ರು ಸ್ಲೇಟು ತೆಗೆದು "ಸಾಕು" ಎಂದು ಬರೆದರು. ಸ್ವರ್ಣಕ್ಕ ಬಗ್ಗಿ ಸೆರಗಿನಿಂದ ಅದನ್ನು ಒರೆಸಿಬಿಟ್ಟರು.

"ಇರ್ಲಿ, ಮಾತಾಡ್ಲಿ" ಎಂದರು. ಯಾರಿಗೆ ಹೇಳಿದರೋ ಗೊತ್ತಿಲ್ಲ.

ಮುಂದಿನ ಆಷಾಢದಲ್ಲಿ ಮಾಸ್ಟ್ರು ತೀರಿಕೊಂಡರು. ಅದಾದ ಮೇಲೆ ಮೊದಲ ಸಲ ಕೂಟ ಸೇರಿದಾಗ ಸ್ವರ್ಣಕ್ಕ ಬೇಗ ಬಂದು, ಅವರ ಕುರ್ಚಿಯನ್ನು ಬಿಡಿಸಿ ಕಿಟಕಿಯ ಹತ್ತಿರ ಇಟ್ಟಿದ್ದರು. ಹಾಜರಿ ಹೇಳಿದೆವು. ನಾಲ್ವರೂ ಹೇಳಿ ಮುಗಿಸಿದೆವು. ಇನ್ನು ಕಣ್ಣು ಬಿಡಬೇಕು ಎನ್ನುವಾಗ ಕರಕರ ಕೇಳಿಸಿತು.

"ಹೊಳಿ ದಾಂಟಿ ಬಂದೆ."

ನನಗೆ ಸಿಟ್ಟು ಬಂತು. ಹೆದರಿದಾಗ ನನಗೆ ಬರುವುದು ಸಿಟ್ಟೇ. "ವನಜಾ, ಸತ್ತವ್ರನ್ನ ಹಾಜ್ರಿಗ್ ಸೇರ್ಸೂಕಾಗ" ಎಂದೆ.

ಅವಳು ಬೆಚ್ಚಿ ನನ್ನ ಮುಖ ನೋಡಿದಳು. "ನಾನ್ ಹೇಳ್ಲಿಲ್ಲ ಯೋಗೀಶಣ್ಣ. ಆಗ್ಳಿಕೆ ನನ್ನದ್ ಹೇಳಿದ್ದೇ, ಮತ್ತೆ ಬಾಯ್ ಬಿಡ್ಲಿಲ್ಲ."

ಸುಳ್ಳು ಹೇಳುವ ಸ್ವರ ಹೇಗಿರುತ್ತದೆಂದು ನನಗೆ ಗೊತ್ತು. ಅದು ಸುಳ್ಳಾಗಿರಲಿಲ್ಲ. ಸ್ವರ್ಣಕ್ಕ ಕಣ್ಣು ಬಿಟ್ಟಿರಲಿಲ್ಲ, ಅವರ ಮುಖದಲ್ಲಿ ನೆಮ್ಮದಿಯಿತ್ತು. ಮರು ತಿಂಗಳು ನಾನು ಕ್ರಮ ಮುರಿದು ಒಂದು ಕಣ್ಣು ತೆರೆದುಕೊಂಡೇ ಕೂತೆ. ವನಜ ತನ್ನ ಸರದಿಯ ಮಾತು ಹೇಳಿದಳು. ಸ್ವಲ್ಪ ಹೊತ್ತಿನ ಮೇಲೆ ಅವಳ ಮುಖ ನಿದ್ದೆ ಹತ್ತಿದವರ ಮುಖದಂತೆ ಸಡಿಲವಾಯಿತು. ತುಟಿ ಕೂದಲೆಳೆಯಷ್ಟು ತೆರೆದುಕೊಂಡಿತು. ಮಾಸ್ಟ್ರು ಹೊಳೆ ದಾಟಿ ಬಂದರು. ಕಿಟಕಿಯಲ್ಲಿ ಮಧ್ಯಾಹ್ನದ ಬಿಸಿಲು ಇತ್ತು, ಕೆಳಗೆ ಯಾರೋ ಸ್ಕೂಟರು ಒದೆಯುತ್ತಿದ್ದರು.

ಆ ವರ್ಷ ದೀಪಾವಳಿ ಕಳೆದ ಮೇಲೆ ಒಂದು ಬೆಳಿಗ್ಗೆ ಮನೆಯ ಫೋನು ಹೊಡೆದುಕೊಂಡಿತು. ಎತ್ತಿದೆ. ಕರಕರ.

"ಯೋಗೀಶಾ."

ನನ್ನ ಹೆಸರನ್ನು ಹಾಗೆ ಎಳೆದು ಕರೆಯುವವರು ಲೋಕದಲ್ಲಿ ಒಬ್ಬರೇ ಇದ್ದರು. ರಿಸೀವರು ಕೈಯಿಂದ ಜಾರಿ ಮೇಜಿನಿಂದ ನೇತಾಡಿತು. ಅದರೊಳಗಿನಿಂದ ಅದೇ ಗಂಡು ಸ್ವರ ಅಳುತ್ತಿತ್ತು: "ಫೋನ್ ಇಡ್ಬೇಡಿ ಯೋಗೀಶಣ್ಣ. ನಾನ್ ವನಜ. ಸ್ವರ ಒಳ್ಗ್ ಹೋತಿಲ್ಲ. ಅಬ್ಬಿಗ್ ನನ್ ಗುರ್ತ ಸಿಕ್ಕುದಿಲ್ಲ. ಒಂದ್ಸಲ ಬನ್ನಿ."

ಸ್ನೇಹಲತಾಳನ್ನು ಕರೆದುಕೊಂಡು ದೋಣಿ ಹತ್ತಿದೆ. ಗಂಗೊಳ್ಳಿಯಲ್ಲಿ ಇಳಿದು ವನಜಳ ಶಾಲೆಯ ಮುಂದೆ ಹಾದುಹೋಗುವಾಗ ಅವಳ ತರಗತಿಯ ಮಕ್ಕಳು ಒಬ್ಬೊಬ್ಬರಾಗಿ ಪಾಠ ಓದುತ್ತಿದ್ದರು. ಅವಳು ರಜೆಯಲ್ಲಿದ್ದಳು, ಬೇರೆ ಯಾರೋ ಓದಿಸುತ್ತಿದ್ದರು. ಮಂಜುಗಡ್ಡೆ ಕಾರ್ಖಾನೆ ಗುಂಯ್‌ಗುಡುತ್ತಲೇ ಇತ್ತು. ಒಂದು ಪುಟ್ಟ ಹುಡುಗಿ ಎದ್ದು ನಿಂತಳು. ಓದುವ ಮೊದಲು ಅವಳ ಗಂಟಲಲ್ಲಿ ಮರಳು ತುಳಿದ ಸದ್ದಾಯಿತು. ಆಮೇಲೆ ಎದ್ದ ಹುಡುಗನಿಗೂ ಹಾಗೆಯೇ. ಅವನ ನಂತರದವಳಿಗೂ. ಪ್ರೇಮಾನಂದ ಮಾಸ್ಟ್ರನ್ನು ಕಣ್ಣಲ್ಲಿ ಕಾಣದ ಮಕ್ಕಳು ಅವು. ಸ್ನೇಹಲತಾ ನನ್ನ ತೋಳು ಹಿಡಿದುಕೊಂಡಳು. ಇಬ್ಬರೂ ಬೇಗ ಬೇಗ ನಡೆದೆವು.

ಮುತ್ತಕ್ಕ ಜಗಲಿಯಲ್ಲಿ ಕೂತಿದ್ದಳು. ಸಕ್ಕರೆ ಕಾಯಿಲೆಯಿಂದ ಅವಳ ಕಣ್ಣು ಹೋಗಿ ಕೆಲವು ವರ್ಷಗಳಾಗಿದ್ದವು. ಈಗ ಹೃದಯವೂ ಸೋತಿತ್ತು, ಹೆಚ್ಚು ದಿನ ಇಲ್ಲ ಎಂದು ಡಾಕ್ಟರು ಹೇಳಿಬಿಟ್ಟಿದ್ದರು. ನಮ್ಮ ಹೆಜ್ಜೆಯ ಸದ್ದಿಗೆ ತಲೆ ಎತ್ತಿದಳು.

"ಹ್ವಾಯ್, ಯಾರ್ ಬಂದದ್? ಒಂಚೂರ್ ಇತ್ಲಾಯ್ ಬನ್ನಿ." ಪಿಸುಗುಟ್ಟುವ ಹಾಗೆ ಸ್ವರ ತಗ್ಗಿಸಿದಳು. "ನಮ್ಮನಿಯಂಗ್ ಒಬ್ಬ ಗಂಡ್ಸ್ ಸೇರ್ಕಂಡಿದ್ದ. ನನ್ ಮಗ್ಳ್ ಮೂಗಿ ಆಯ್ದ್ಳ್. ಹತ್ರ ಬತ್ಳ್, ಗಂಜಿ ಉಣ್ಸ್ತಳ್, ಕೈ ಹಿಡ್ಕಂತ್ಳ್, ಮಾತಾಡುದಿಲ್ಲ. ಮಾತಾಡ್ ಅಂದ್ರೆ ಅವ ಮಾತಾಡ್ತ. ನಾನ್ ಸಾಯು ಒಳ್ಗ್ ಅವ್ಳ ಒಂದ್ ಮಾತ್ ಕೇಂಬ್ಕ್ ಅಂದೇಳಿ ಆಸಿ. ಅಷ್ಟೇ."

ವನಜ ಬಾಗಿಲಲ್ಲಿ ನಿಂತಿದ್ದಳು. ಬಾಯಿಯನ್ನು ಎರಡೂ ಕೈಯಿಂದ ಮುಚ್ಚಿಕೊಂಡಿದ್ದಳು. ಮುತ್ತಕ್ಕನಿಗೆ ಅವಳ ಬಳೆಯ ಸದ್ದು ಕೇಳಿಸಿತೇನೋ, ಆ ಕಡೆ ತಿರುಗಿ, ಮಗಳ ಗುರುವಿನ ಸ್ವರ ಗುರುತಿದ್ದವಳಂತೆ ಬಹಳ ಮರ್ಯಾದೆಯಿಂದ ಕೈ ಜೋಡಿಸಿ ಕೇಳಿದಳು:

"ಮಾಸ್ಟ್ರೇ, ನೀವ್ ದೊಡ್ಡೋರ್. ನನ್ ಮಗ್ಳನ್ನ್ ಎಲ್ಲ್ ಇಟ್ಟಿದ್ರಿ?"

ವನಜ ಕೈ ತೆಗೆದಳು. ತಡೆಯಲಾಗದೆ ತೆಗೆದಳು ಎಂದು ಆಮೇಲೆ ಹೇಳಿದಳು. ಕರಕರ ಎಂದಿತು. "ಬತ್ಳ್ ಮುತ್ತಕ್ಕ. ಈಗ ಬತ್ಳ್" ಎಂದಿತು ಮಾಸ್ಟ್ರ ಸ್ವರ. ಮುತ್ತಕ್ಕ ಗೋಡೆಗೆ ಒತ್ತಿಕೊಂಡಳು. ವನಜ ಅಲ್ಲಿಯೇ ಕುಸಿದು ಕೂತು ಸದ್ದಿಲ್ಲದೆ ಅತ್ತಳು. ಅಷ್ಟು ವರ್ಷದಲ್ಲಿ ನನಗೆ ಅವಳ ಮೇಲೆ ಆ ದಿನ ಬಂದಷ್ಟು ಕರುಣೆ ಎಂದೂ ಬಂದಿರಲಿಲ್ಲ.

ಮುಂದಿನ ಕೆಲವು ವಾರ ನಮಗೆ ಗೊತ್ತಿದ್ದ ವಿದ್ಯೆಯನ್ನೆಲ್ಲ ಹೂಡಿದೆವು. ಉಸಿರಿನ ಪಾಠ, ಅಕಾರದ ಸಾಧನೆ, ಓಂಕಾರ, ನಾಲಗೆಯ ಕಸರತ್ತು. ಒಂದೂ ಹತ್ತಲಿಲ್ಲ. ನಾನು ಹೇಳಿಕೊಟ್ಟರೆ ನನ್ನ ಸ್ವರ ಒಂದು ಗಳಿಗೆ ಬಂದು, ಆಮೇಲೆ ಅದರ ಮೇಲೆ ಮಾಸ್ಟ್ರು ಕೂರುತ್ತಿದ್ದರು. ನಮಗೆ ಹೊಳೆಯದ್ದು ಸ್ನೇಹಲತಾಗೆ ಹೊಳೆಯಿತು.

"ಅವ್ಳಿಗ್ ಕಲ್ಸಿ ಕಲ್ಸಿಯೇ ಹಾಳ್ ಮಾಡ್ತಿತ್ತ್ ನಾವ್" ಎಂದಳು. "ಅವ್ಳ ಕಿವಿಗ್ ಬಿದ್ದದ್ದೆಲ್ಲ ಗಂಟ್ಲಿಗ್ ಇಳಿತ್ತ್. ಕಿವಿ ಮುಚ್ಚುವ. ನನ್ ಶಾಲಿ ಮಕ್ಕಳ್ ಕಲಿತ್ವಲೆ, ಹಾಂಗ್ ಕಲೀಲಿ. ಕೈಯಂಗೆ. ಅಬ್ಬಿ ಗಂಟ್ಲ್ ಮುಟ್ಕಂಡ್."

ಇದನ್ನು ಕೂಟದಲ್ಲಿ ಮಾತಾಡಿದೆವು. ಸ್ವರ್ಣಕ್ಕನ ಸ್ವರ ಏರಿತು. ಮಾಸ್ಟ್ರು ಬದುಕಿದ್ದಾಗ ಒಂದು ದಿನವೂ ಸ್ವರ ಏರಿಸದ ಹೆಂಗಸು ಅವರು.

"ಅವ್ರದ್ ಅಂತ ಉಳ್ದದ್ ಇದೊಂದೇ" ಎಂದರು. "ಬಟ್ಟಿ ಕೊಟ್ಟಾಯ್ತ್, ಪುಸ್ತಕ ಕೊಟ್ಟಾಯ್ತ್. ತಿಂಗ್ಳಿಗ್ ಒಂದ್ ಮಾತ್. ಅದನ್ನೂ ತೆಗಿತ್ರ್ಯಾ? ಅವ್ಳ್ ಅದನ್ನ ಬಿಟ್ರೆ ನನ್ ಗಂಡ ಎಲ್ಲ್ ಇರೂದ್?"

ಈ ಮಾತನ್ನು ಬೇರೆ ಯಾರೇ ಆಡಿದ್ದರೂ ನಾನು ಜಗಳಕ್ಕೆ ನಿಲ್ಲುತ್ತಿದ್ದೆ, ಅವರ ಎದುರು ಆಗಲಿಲ್ಲ. ವನಜ ಎದ್ದು ಹೋಗಿ ಸ್ವರ್ಣಕ್ಕನ ಕಾಲು ಮುಟ್ಟಿ ನಮಸ್ಕಾರ ಮಾಡಿದಳು. ಬಾಯಿ ತೆರೆಯಲಿಲ್ಲ. ಸ್ನೇಹಲತಾಳ ಕಡೆ ತಿರುಗಿ ತಲೆ ಆಡಿಸಿದಳು.

ಗಂಗೊಳ್ಳಿಯ ಮನೆಯಲ್ಲಿ ಬೆಳಗಿನ ಹೊತ್ತು. ತೆಂಗಿನೆಣ್ಣೆಯಲ್ಲಿ ಅದ್ದಿದ ಹತ್ತಿಯನ್ನು ವನಜಳ ಕಿವಿಗೆ ತುರುಕಿ, ಮೇಲಿನಿಂದ ದಪ್ಪ ಬಟ್ಟೆ ಬಿಗಿದೆವು. ಹಿಂದೆ ನಿಂತು ನಾನು ಚಪ್ಪಾಳೆ ತಟ್ಟಿದೆ, ಅವಳು ತಿರುಗಲಿಲ್ಲ. ಮುತ್ತಕ್ಕನನ್ನು ಹಿತ್ತಲ ಬಾಗಿಲಿಗೆ ಕರೆತಂದು, ಹೊಳೆಯ ಕಡೆ ಮುಖ ಮಾಡಿ ನಿಲ್ಲಿಸಿದೆವು. ಸ್ನೇಹಲತಾ ವನಜಳ ಅಂಗೈಯನ್ನು ಅಬ್ಬಿಯ ಗಂಟಲ ಮೇಲಿಟ್ಟಳು.

"ಮಗಳನ್ನ್ ಕರಿನಿ ಮುತ್ತಕ್ಕ. ಮೊದ್ಲ್ ಕರಿತಿದ್ರ್ಯಲೆ, ಹಾಂಗೆ" ಎಂದಳು.

"ಇಲ್ಲೇ ಇದ್ಳಲೆ. ಕೈ ಗುರ್ತ ಇಲ್ದ್ಯಾ ನಂಗೆ?" ಎಂದಳು ಮುತ್ತಕ್ಕ.

"ಕೈ ಬಂತ್. ಸ್ವರ ಬರ್ಲಿಲ್ಲ. ಅದನ್ನ್ ಕರಿನಿ."

ಮುತ್ತಕ್ಕ ಉಸಿರೆಳೆದುಕೊಂಡಳು. ಅಷ್ಟು ಸೋತ ಎದೆಯಿಂದ ಅಂಥ ಕೂಗು ಹೇಗೆ ಹೊರಟಿತೋ, ಸ್ವರದ ಕಸುಬಿನಲ್ಲಿ ಇಷ್ಟು ವರ್ಷ ಕಳೆದ ನನಗೂ ತಿಳಿಯದು.

"ವನ್ಜಾ... ಹ್ವಾಯ್ ವನ್ಜಾ... ಮನಿಗ್ ಬಾ..."

ವನಜ ಕೈಯನ್ನು ಅಲ್ಲಿಯೇ ಒತ್ತಿ ಹಿಡಿದಳು. ಬಾಯಿ ತೆರೆದಳು. ಕರಕರ ಎಂದಿತು, ನಾನು ಕಣ್ಣು ಮುಚ್ಚಿಕೊಂಡೆ. ಸ್ನೇಹಲತಾ ಅವಳ ಇನ್ನೊಂದು ಕೈಯನ್ನು ಅವಳದೇ ಗಂಟಲ ಮೇಲಿಟ್ಟು ಒತ್ತಿದಳು. ಮುತ್ತಕ್ಕ ಮತ್ತೆ ಕರೆದಳು. ಮತ್ತೆ ಕರಕರ, ಬರೀ ಗಾಳಿ. ಮತ್ತೊಮ್ಮೆ ಕರೆದಳು. ಈ ಸಲ ಅವಳ ಕರೆಯಲ್ಲಿ ಸಿಟ್ಟಿತ್ತು, ಊಟಕ್ಕೆ ಬಾರದೆ ಮರಳಲ್ಲಿ ಆಡುತ್ತಿರುವ ಮಗುವನ್ನು ಕರೆಯುವ ಸಿಟ್ಟು. ಆಗ ನಮ್ಮ ನಡುವೆ ಯಾರೋ ಕೂಗಿದರು.

"ಬಂದೇ..."

ತೆಳ್ಳಗಿನ, ಅಲ್ಲಲ್ಲಿ ಒಡೆದ, ಎತ್ತರದ ಸ್ವರ. ನಾನು ಅದನ್ನು ಹಿಂದೆ ಎಂದೂ ಕೇಳಿರಲಿಲ್ಲ. ಹನ್ನೊಂದು ವರ್ಷ ಜೊತೆಗೆ ಕೂತವಳ ಸ್ವರ, ನಾನು ಮೊದಲ ಸಲ ಕೇಳುತ್ತಿದ್ದೆ. ಅವಳಿಗೆ ಅದು ಕೇಳಿಸಿರಲಿಲ್ಲ, ಕೈಗೆ ಮಾತ್ರ ತಿಳಿದಿತ್ತು. ನಮ್ಮ ಮುಖ ನೋಡುತ್ತಾ ನಿಂತಿದ್ದಳು.

ಮುತ್ತಕ್ಕ ತಡಕಾಡಿ ಅವಳ ಭುಜ ಹಿಡಿದು ಬೆನ್ನಿಗೆ ಛಟೀರೆಂದು ಒಂದು ಕೊಟ್ಟಳು.

"ಎಲ್ಲ್ ಸತ್ತಿದ್ಯೆ ಇಷ್ಟ್ ದಿನ?"

ಹೊಡೆದ ಕೈಯಿಂದಲೇ ತಬ್ಬಿಕೊಂಡಳು. ಸ್ನೇಹಲತಾ ಅಳುತ್ತಾ ನಗುತ್ತಿದ್ದಳು. ನಾನು ಅಂಗಳಕ್ಕೆ ಹೋಗಿ ಸುಮ್ಮನೆ ಬಾವಿಕಟ್ಟೆಯ ಹತ್ತಿರ ನಿಂತೆ.

ಅದಾದ ಮೇಲೆ ಮುತ್ತಕ್ಕ ಬೇಸಗೆ ಮುಗಿಯುವವರೆಗೆ ಬದುಕಿದ್ದಳು. ಅಬ್ಬಿ ಮಗಳು ದಿನವಿಡೀ ಮಾತಾಡುತ್ತಿದ್ದರಂತೆ, ಮೀನಿನ ರೇಟಿನಿಂದ ಹಿಡಿದು ಸತ್ತ ಅಪ್ಪನವರೆಗೆ. ವನಜ ಕಿವಿಯ ಹತ್ತಿಯನ್ನು ಬಹಳ ದಿನ ತೆಗೆಯಲಿಲ್ಲ. ಮಾತು ಕೇಳಬೇಕೆಂದರೆ ಅಬ್ಬಿಯ ಗಂಟಲು ಮುಟ್ಟಿಕೊಂಡು ಕೂರುತ್ತಿದ್ದಳು. ಅವಳ ಶಾಲೆಯ ಮಕ್ಕಳು ಹೊಸ ಸ್ವರ ಕೇಳಿ ಮೊದಮೊದಲು ನಕ್ಕವಂತೆ. ಮಳೆ ಬೀಳುವ ಹೊತ್ತಿಗೆ ಅವುಗಳ ಗಂಟಲಿನ ಮರಳೂ ಹೋಯಿತು.

ಆದರೆ ನಾನು ಹೇಳಿ ಮುಗಿಸಬೇಕಾದದ್ದು ಅದಕ್ಕಿಂತ ಮೊದಲಿನ ಒಂದು ಆದಿತ್ಯವಾರದ್ದು. ವನಜ ಕಿವಿಯ ಹತ್ತಿ ತೆಗೆದು, ತನ್ನ ಸ್ವರದೊಂದಿಗೆ ಮೊದಲ ಸಲ ಕೂಟಕ್ಕೆ ಬಂದ ದಿನ. ಕಿಟಕಿಯ ಹತ್ತಿರ ಮಾಸ್ಟ್ರ ಕುರ್ಚಿ ಬಿಡಿಸಿಟ್ಟೇ ಇತ್ತು. ಸ್ವರ್ಣಕ್ಕ ಅದರ ಪಕ್ಕದಲ್ಲಿ ಕೂತಿದ್ದರು. ವನಜಳ ಗಂಟಲಲ್ಲಿ ಏನಾಗಿದೆ ಎಂದು ಅವರಿಗೆ ಗೊತ್ತಿತ್ತು. ಗೊತ್ತಿದ್ದೂ ಕುರ್ಚಿ ಬಿಡಿಸಿದ್ದರು.

ಕಣ್ಣು ಮುಚ್ಚಿದೆವು. ನಾನು ಹೇಳಿದೆ. ಸ್ನೇಹಲತಾ ಹೇಳಿದಳು. ಸ್ವರ್ಣಕ್ಕ ಹೇಳಿದರು. ಆಮೇಲೆ ತೆಳ್ಳಗಿನ, ಒಡಕಿನ ಸ್ವರ: "ಹೊಳಿ ದಾಂಟಿ ಬಂದೆ." ಕೋಣೆಯೊಳಗೆ ಹೊರಗಿನವರು ಯಾರೋ ಬಂದು ಕೂತಂತೆ ಒಂದು ಕ್ಷಣ ನನಗೆ ಗಾಬರಿಯಾಯಿತು. ಎದುರಿನ ಹೊಸ ಹೆಂಗಸಿನ ಹೆಸರು ವನಜ ಎಂದು ಮನಸ್ಸಿಗೆ ಹೇಳಿಕೊಳ್ಳಬೇಕಾಯಿತು.

ಹಾಜರಿ ಮುಗಿದಿತ್ತು. ಯಾರೂ ಕಣ್ಣು ಬಿಡಲಿಲ್ಲ. ಕಾದೆವು. ಕೇಳುವುದೇ ನಮ್ಮ ಕಸುಬು, ಕಿವಿಗೆ ಬೀಳದ್ದನ್ನೂ ಕೇಳುತ್ತಾ ಕೂತೆವು. ಕಿಟಕಿಯ ಬಾಗಿಲು ಗಾಳಿಗೆ ಒಮ್ಮೆ ಕಿರುಗುಟ್ಟಿತು, ನಾಲ್ವರ ಉಸಿರೂ ನಿಂತಿತು. ಕಿಟಕಿ ಅಷ್ಟೇ. ಕೆಳಗೆ ಬಸ್ಸೊಂದು ಬಂದು ನಿಂತು ಹೊರಟಿತು.

"ಒಂದ್ಸಲ ವನಜಾ" ಎಂದರು ಸ್ವರ್ಣಕ್ಕ, ಕಣ್ಣು ಮುಚ್ಚಿಕೊಂಡೇ. "ಒಂದೇ ಒಂದ್ಸಲ."

ವನಜ ಪ್ರಯತ್ನ ಮಾಡಿದಳು. ಅವಳು ನಿಜವಾಗಿಯೂ ಮಾಡಿದಳು, ಹೊಟ್ಟೆಯಿಂದ ಉಸಿರೆಳೆದು ಗಂಟಲಿನ ತಳದಲ್ಲಿ ಹುಡುಕಿದ್ದು ನಮಗೆಲ್ಲ ಕೇಳಿಸಿತು. ಬಂದದ್ದು ಅದೇ ತೆಳ್ಳಗಿನ ಸ್ವರ. ಎಲ್ಲರ ಸ್ವರವನ್ನೂ ಎತ್ತಿಕೊಳ್ಳುತ್ತಿದ್ದವಳಿಗೆ ಇನ್ನು ಯಾರ ಸ್ವರವೂ ಬರುವಂತಿರಲಿಲ್ಲ. "ಬತ್ತಿಲ್ಲ ಸ್ವರ್ಣಕ್ಕ" ಎಂದಳು.

ಸ್ವರ್ಣಕ್ಕ ಕಣ್ಣು ಬಿಟ್ಟರು. ಮಾಸ್ಟ್ರು ತೀರಿಕೊಂಡ ದಿನ ಅವರು ಅತ್ತದ್ದನ್ನು ನಾನು ನೋಡಿರಲಿಲ್ಲ. ಹೆಣ ಎತ್ತುವಾಗಲೂ ಅತ್ತಿರಲಿಲ್ಲ, ಆ ದಿನ ಬ್ರಹ್ಮಾವರದವರೆಲ್ಲ ಅದನ್ನೇ ಮಾತಾಡಿಕೊಂಡಿದ್ದರು. ಈಗ ಎದ್ದು, ಕುರ್ಚಿಯ ಬೆನ್ನನ್ನು ಎರಡು ಸಲ ಸವರಿ, ಅದನ್ನು ಮಡಚಿ ಗೋಡೆಗೆ ಒರಗಿಸಿದರು.

"ಅವ್ರ್ ಬರ್ಲಿಲ್ಲ" ಎಂದರು ನಮ್ಮ ಕಡೆ ತಿರುಗಿ. ಆಮೇಲೆ ಅಲ್ಲಿಯೇ ನೆಲದ ಮೇಲೆ ಕೂತು, ಸ್ವರ ಎತ್ತಿ ಅತ್ತರು.